‘ಎರಡೇ ನಿಮಿಷ’ದ ಪಾರ್ಕಿಂಗ್‌ಗೆ ಊರೇ ಕಾಯಬೇಕೇ?

‘ರಸ್ತೆ ಸಾಲದು, ಅಗಲ ಮಾಡಬೇಕು’ ಎಂಬ ಮಾತು ಮಂಡ್ಯ ಜಿಲ್ಲೆಯ ಯಾವ ತಾಲ್ಲೂಕು ಕೇಂದ್ರಕ್ಕೆ ಹೋದರೂ ಕಿವಿಗೆ ಬೀಳುತ್ತದೆ. ನನಗೆ ಅನ್ನಿಸುವುದು ಬೇರೆ. ಇರುವ ರಸ್ತೆಯನ್ನೇ ನಾವು ಪೂರ್ತಿ ಬಳಸುತ್ತಿಲ್ಲ. ಅದರ ಅರ್ಧವನ್ನು ನಿಂತ ವಾಹನಗಳಿಗೆ ಬಿಟ್ಟುಕೊಟ್ಟು, ಉಳಿದರ್ಧದಲ್ಲಿ ಬಸ್ಸು, ಟ್ರ್ಯಾಕ್ಟರ್, ಆಂಬುಲೆನ್ಸ್, ಶಾಲಾ ಮಕ್ಕಳು ಎಲ್ಲರೂ ಸಾಗಬೇಕು ಎನ್ನುತ್ತಿದ್ದೇವೆ.

ಸರಳ ಲೆಕ್ಕ ಹಾಕೋಣ. ಎರಡು ಪಥದ ರಸ್ತೆ ಎಂದರೆ ಸಾಮಾನ್ಯವಾಗಿ 7 ಮೀಟರ್ ಅಗಲ. ಅಂಚಿಗೆ ನಿಂತ ಒಂದು ಕಾರು ಹತ್ತಿರ ಹತ್ತಿರ 2 ಮೀಟರ್ ತಿನ್ನುತ್ತದೆ. ಎರಡೂ ಬದಿ ಕಾರು ನಿಂತರೆ ಉಳಿಯುವುದು 3 ಮೀಟರ್. ನಮ್ಮ ಸಾರಿಗೆ ಬಸ್ಸಿನ ಅಗಲವೇ ಸುಮಾರು ಎರಡೂವರೆ ಮೀಟರ್. ಅಂದರೆ ಒಂದು ಬಸ್ಸು ಬಂದರೆ ಎದುರಿನದು ನಿಲ್ಲಲೇಬೇಕು. ಒಂದೇ ಬದಿ ನಿಲ್ಲಿಸಿದರೆ 5 ಮೀಟರ್ ಉಳಿಯುತ್ತದೆ. ಬಸ್ಸು ಮತ್ತು ಕಾರು ಆರಾಮವಾಗಿ ಎದುರುಬದುರಾಗಬಹುದು. ಒಂದು ಇಟ್ಟಿಗೆ ಇಡದೆ, ಒಂದು ಅಂಗಡಿ ಕೆಡವದೆ ಸಿಗುವ ಅಗಲ ಇದು.

ಇನ್ನು ವೃತ್ತದ ವಿಷಯ. ಪಾಂಡವಪುರದ ಐದು ದೀಪದ ವೃತ್ತವಿರಲಿ, ಕೆ.ಆರ್. ಪೇಟೆಯ ದುರ್ಗಾಭವನ್ ವೃತ್ತವಿರಲಿ, ನಾಗಮಂಗಲದ ಟಿ.ಬಿ. ವೃತ್ತವಿರಲಿ, ಸಮಸ್ಯೆ ಹುಟ್ಟುವುದು ಮೂಲೆಯಲ್ಲಿ. ಮೂಲೆಯ ಬೇಕರಿ, ಮೆಡಿಕಲ್ ಸ್ಟೋರ್, ಎಟಿಎಂ ಮುಂದೆ ‘ಎರಡೇ ನಿಮಿಷ’ ಎಂದು ನಿಲ್ಲಿಸಿದ ಗಾಡಿ ಎರಡು ಕೆಲಸ ಮಾಡುತ್ತದೆ. ಎಡಕ್ಕೆ ತಿರುಗುವ ಉದ್ದದ ವಾಹನಕ್ಕೆ ಜಾಗ ಕೊಡುವುದಿಲ್ಲ. ಅದು ಎದುರಿನ ಪಥಕ್ಕೆ ನುಗ್ಗಿಯೇ ತಿರುಗಬೇಕು. ಜೊತೆಗೆ ಅಡ್ಡರಸ್ತೆಯಿಂದ ಬರುವವರ ಕಣ್ಣು ಕಟ್ಟುತ್ತದೆ. ಕಬ್ಬಿನ ಕಾಲದಲ್ಲಿ ಟ್ರೇಲರ್‌ನ ಎರಡೂ ಬದಿಗೆ ಕಬ್ಬು ಚಾಚಿಕೊಂಡ ಟ್ರ್ಯಾಕ್ಟರ್ ಇಂಥ ಮೂಲೆಯಲ್ಲಿ ತಿರುಗುವುದನ್ನು ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ.

ಇದು ಬರೀ ತಡವಾಗುವ ಪ್ರಶ್ನೆಯಲ್ಲ. ರಸ್ತೆಯ ಅಂಚು ಬೈಕುಗಳ ಪಾಲಾದರೆ ಬಸ್ಸಿಗೆ ಕಾಯುವವರು ಡಾಂಬರಿನ ಮೇಲೆ ನಿಲ್ಲುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸು ಹತ್ತುವ ಹೆಣ್ಣುಮಕ್ಕಳ ಸಂಖ್ಯೆ ಹೆಚ್ಚಿದೆ. ಬಸ್ಸು ಅಂಚಿಗೆ ಬರಲಾಗದೆ ನಡುರಸ್ತೆಯಲ್ಲೇ ನಿಲ್ಲುತ್ತದೆ. ಮಗು ಎತ್ತಿಕೊಂಡ ತಾಯಿ, ಮಂಡಿನೋವಿನ ಅಜ್ಜಿ ಬೈಕುಗಳ ಸಂದಿಯಲ್ಲಿ ನುಸುಳಿ, ಹಿಂದಿನಿಂದ ನುಗ್ಗುವ ಆಟೊ ತಪ್ಪಿಸಿಕೊಂಡು ಹತ್ತಬೇಕು. ಪಾರ್ಕಿಂಗ್ ಎಂದರೆ ವಾಹನ ಇರುವವರ ಸಮಸ್ಯೆ ಎಂದುಕೊಂಡಿದ್ದೇವೆ. ಅದರ ಬೆಲೆ ತೆರುತ್ತಿರುವವರು ವಾಹನ ಇಲ್ಲದವರು.

ಹಾಗಾದರೆ ರಸ್ತೆ ಅಗಲ ಮಾಡಿದರಾಗದೇ? ಶ್ರೀರಂಗಪಟ್ಟಣವನ್ನೇ ನೋಡಿ. ಸುತ್ತ ಕಾವೇರಿ, ಒಳಗೆ ಕೋಟೆ. ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರ್‌ನಲ್ಲೂ ಅನುಮತಿ ಬೇಕು ಎಂದು 2010ರ ತಿದ್ದುಪಡಿ ಹೇಳುತ್ತದೆ. ಅಲ್ಲಿ ಬಹುಮಹಡಿ ಪಾರ್ಕಿಂಗ್ ಕನಸು ಕಾಣುವುದೇ ಕಷ್ಟ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆಯಾಗಿ ಬೈಪಾಸ್ ಬಂದಿತು, ದೂರದ ಕಾರುಗಳು ಊರ ಹೊರಗೇ ಹೋದವು. ಆದರೆ ಅದೇ ವರ್ಷದ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳಿಗೆ ದಶಪಥದ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ. ಅವು ಸರ್ವೀಸ್ ರಸ್ತೆ, ಹಳೇ ರಸ್ತೆಗಳನ್ನೇ ನೆಚ್ಚಬೇಕು. ಭಾನುವಾರ ನಿಮಿಷಾಂಬ, ರಂಗನಾಥಸ್ವಾಮಿ ದರ್ಶನಕ್ಕೆ ಬರುವವರು, ಮಹಾಲಯ ಅಮಾವಾಸ್ಯೆಗೆ ಸಂಗಮ, ಪಶ್ಚಿಮವಾಹಿನಿಗೆ ಬರುವವರು ಊರೊಳಗೇ ಬರಬೇಕು. ರಸ್ತೆ ಹಿಗ್ಗದ ಊರಲ್ಲಿ ಅಂಚನ್ನು ಜಾಣತನದಿಂದ ಬಳಸುವುದೊಂದೇ ದಾರಿ.

ವ್ಯಾಪಾರಿಗಳ ಆತಂಕ ನನಗೆ ಅರ್ಥವಾಗುತ್ತದೆ. ‘ಗಾಡಿ ನಿಲ್ಲಿಸಲು ಬಿಡದಿದ್ದರೆ ಗಿರಾಕಿ ಮುಂದಿನ ಅಂಗಡಿಗೆ ಹೋಗುತ್ತಾನೆ’ ಎನ್ನುತ್ತಾರೆ. ಸಣ್ಣ ಅಂಗಡಿಯವನಿಗೆ ಹತ್ತು ಗಿರಾಕಿ ತಪ್ಪಿದರೂ ಆ ದಿನದ ಬಾಡಿಗೆ ಕಷ್ಟ. ಹಾಗಾಗಿ ಎಲ್ಲೆಡೆ ‘ನೋ ಪಾರ್ಕಿಂಗ್’ ಬೋರ್ಡ್ ನೆಡುವುದನ್ನು ನಾನು ಒಪ್ಪುವುದಿಲ್ಲ. ಆದರೆ ಅಂಗಡಿ ಮುಂದೆ ಬೆಳಿಗ್ಗೆಯಿಂದ ಸಂಜೆವರೆಗೆ ನಿಂತಿರುವುದು ಯಾರ ಗಾಡಿ? ಅನೇಕ ಕಡೆ ಅಂಗಡಿಯವರದ್ದೇ, ಇಲ್ಲವೇ ಬಸ್ಸು ಹಿಡಿದು ಮೈಸೂರಿಗೋ ಮಂಡ್ಯಕ್ಕೋ ಹೋದ ಉದ್ಯೋಗಿಯದ್ದು. ಗಿರಾಕಿ 20 ನಿಮಿಷ ನಿಂತು ಹೋದರೆ ಒಂದೇ ಜಾಗ 8 ಗಂಟೆಯಲ್ಲಿ 24 ಗಿರಾಕಿಗಳಿಗೆ ಸಿಗುತ್ತದೆ. ದಿನವಿಡೀ ಒಂದೇ ಕಾರು ನಿಂತರೆ ಒಬ್ಬರಿಗೆ. ಹಾಗೆ ನೋಡಿದರೆ ಸಮಯದ ಮಿತಿ ವ್ಯಾಪಾರಿಯ ಪರವಾದ ನಿಯಮ. ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಶೂಪ್ ಜೀವನವಿಡೀ ಹೇಳಿದ್ದೂ ಇದನ್ನೇ: ಪ್ರತಿ ಬೀದಿಯಲ್ಲೂ ಸದಾ ಒಂದೆರಡು ಜಾಗ ಖಾಲಿ ಉಳಿಯುವಂತೆ ಪಾರ್ಕಿಂಗ್ ನಿರ್ವಹಿಸಬೇಕು, ಆಗ ಜಾಗ ಹುಡುಕುತ್ತಾ ಸುತ್ತುವ ಗಾಡಿಗಳೇ ಕಡಿಮೆಯಾಗುತ್ತವೆ.

ಮೂಲೆಯ ವಿಷಯದಲ್ಲಿ ಮಾತ್ರ ರಾಜಿ ಬೇಡ. ರಸ್ತೆ ಕೂಡುವಲ್ಲಿ, ತಿರುವಿನಲ್ಲಿ, ಪಾದಚಾರಿ ಮಾರ್ಗದ ಮೇಲೆ, ಬಸ್ ನಿಲ್ದಾಣ, ಶಾಲೆ, ಆಸ್ಪತ್ರೆ ಬಾಗಿಲ ಬಳಿ ನಿಲ್ಲಿಸಬಾರದು ಎಂದು 1989ರ ರಸ್ತೆ ನಿಯಮಗಳೇ ಹೇಳಿದ್ದವು. 2017ರಲ್ಲಿ ಹೊಸ ಚಾಲನಾ ನಿಯಮಗಳು ಬಂದವು. 2019ರ ತಿದ್ದುಪಡಿಯಲ್ಲಿ ಕೇಂದ್ರ ಕಾಯ್ದೆಯ ಸಾಮಾನ್ಯ ದಂಡ 100 ರೂಪಾಯಿಯಿಂದ 500ಕ್ಕೆ ಏರಿತು. ಆದರೂ ಮೂಲೆ ಖಾಲಿಯಾಗಲಿಲ್ಲ. ಏಕೆಂದರೆ ಎಲ್ಲಿಯವರೆಗೆ ನಿಲ್ಲಿಸಬಾರದು ಎಂಬ ಗೆರೆ ನೆಲದ ಮೇಲೆ ಕಾಣುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಪಾದಚಾರಿಗಳು ದಾಟುವ ಪಟ್ಟಿಗೆ 20 ಅಡಿ ಮೊದಲೇ ಜಾಗ ಬಿಡಬೇಕೆಂಬ ಕಾನೂನು ತಂದು, 2025ರಿಂದ ದಂಡ ಹಾಕುತ್ತಿದ್ದಾರೆ. ನಮಗೆ ಬೇಕಿರುವುದೂ ಅಳತೆಯ ಗೆರೆಯೇ, ಇನ್ನೊಂದು ಭಾಷಣವಲ್ಲ.

ಇನ್ನೊಂದು ಮಾತು. ತೆರವು ಎಂದ ಕೂಡಲೇ ಮೊದಲು ಏಳುವುದು ತಳ್ಳುಗಾಡಿಯ ಸೊಪ್ಪಿನಮ್ಮ. ಕಾರು ಅಲ್ಲೇ ಇರುತ್ತದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಸಮೀಕ್ಷೆ ಮಾಡಿ, ಜಾಗ ಗುರುತಿಸಿ, ಪ್ರಮಾಣಪತ್ರ ಕೊಡದೆ ಅವರನ್ನು ಎಬ್ಬಿಸಬಾರದು ಎನ್ನುತ್ತದೆ. ಸಂಚಾರದ ಹೆಸರಲ್ಲಿ ಬಡವರ ತಕ್ಕಡಿ ಕಿತ್ತುಕೊಳ್ಳುವುದು ಪರಿಹಾರವಲ್ಲ.

ಮೋಟಾರು ವಾಹನ ಕಾಯ್ದೆಯ 117ನೇ ಕಲಂ ವಾಹನ ನಿಲ್ಲಿಸುವ ಜಾಗಗಳನ್ನು ಸ್ಥಳೀಯ ಸಂಸ್ಥೆಯ ಜೊತೆ ಸಮಾಲೋಚಿಸಿ ಗೊತ್ತುಮಾಡಲು ಅಧಿಕಾರ ಕೊಟ್ಟಿದೆ. ನಾಲ್ಕೂ ಊರುಗಳ ಪುರಸಭೆ, ಪೊಲೀಸ್, ಸಾರಿಗೆ ಸಂಸ್ಥೆ, ವರ್ತಕರು ಒಂದು ಮಧ್ಯಾಹ್ನ ಕೂತರೆ ಐದು ತೀರ್ಮಾನ ಸಾಧ್ಯ. ವೃತ್ತದ ಎಲ್ಲ ಮೂಲೆಗೂ ಹಳದಿ ಗೆರೆ ಎಳೆದು, ಸರ್ಕಾರಿ ಜೀಪಿಗೂ ವಿನಾಯಿತಿ ಕೊಡದಿರುವುದು. ಪೇಟೆ ಬೀದಿಯಲ್ಲಿ ಸಮ ದಿನ ಒಂದು ಬದಿ, ಬೆಸ ದಿನ ಇನ್ನೊಂದು ಬದಿ ನಿಲ್ಲಿಸಿ, ಯಾವ ಸಾಲಿನ ಅಂಗಡಿಗೂ ಅನ್ಯಾಯವಾಗದಂತೆ ನೋಡುವುದು. ಅಂಗಡಿ ಮುಂದೆ ಅರ್ಧ ಗಂಟೆಯ ಮಿತಿ. ಸರಕು ಇಳಿಸುವುದು ಬೆಳಿಗ್ಗೆ ಶಾಲೆ, ಕಾಲೇಜು ಶುರುವಾಗುವ ಮುನ್ನ. ದಿನವಿಡೀ ನಿಲ್ಲುವ ಬೈಕುಗಳಿಗೆ ಬಸ್ ನಿಲ್ದಾಣದ ಹತ್ತಿರವೇ ಬೇರೆ ಜಾಗ.

ಮೂರು ತಿಂಗಳು ಒಂದು ವೃತ್ತದಲ್ಲಿ ಪ್ರಯೋಗ ಮಾಡಿ ನೋಡಲಿ. ವ್ಯಾಪಾರ ಕುಸಿದರೆ ಬದಲಿಸಲಿ. ಬೇಕಾಗುವುದು ಒಂದಿಷ್ಟು ಬಣ್ಣ, ಕೆಲವು ಫಲಕ, ದಿನವೂ ನಿಲ್ಲುವ ಒಬ್ಬ ಪೇದೆ. ಕೋಟಿಗಳ ಯೋಜನೆ ಬರುವವರೆಗೆ ಕಾಯುವ ಅಗತ್ಯವಿಲ್ಲ. ನಮ್ಮಂಥ ಯುವಕರ ಪಾಲೂ ಇದೆ: ಬೈಕಿನ ಸ್ಟ್ಯಾಂಡ್ ಹಾಕುವ ಮುನ್ನ ಹಿಂದೆ ಬರುವ ಬಸ್ಸು ತಿರುಗುತ್ತದೆಯೇ ಎಂದು ಒಮ್ಮೆ ನೋಡುವುದು, ಐವತ್ತು ಹೆಜ್ಜೆ ನಡೆಯಲು ಬೇಸರಪಡದಿರುವುದು.