ಕೊಂಡಿ ಕಷ್ಟವೆಂದು ಒಡವೆ ಕರಗಿಸುವುದೇ?



ನಮ್ಮ ಯುಗಾದಿ, ದೀಪಾವಳಿ ಕೂಟಗಳಿಗೆ ಬರುವ ಹಿರಿಯ ಹೆಂಗಸರ ಕೊರಳನ್ನು ಒಮ್ಮೆ ಗಮನಿಸಿ. ಹಿಂದೆ ಅವಲಕ್ಕಿ ಸರ, ಅಡ್ಡಿಕೆ, ಕಾಸಿನ ಸರ ಹಾಕಿಕೊಂಡು ಬರುತ್ತಿದ್ದವರು ಈಗ ಒಂದೆಳೆ ಕರಿಮಣಿಯಲ್ಲಿ ಬರುತ್ತಾರೆ. ಕೇಳಿದರೆ "ವಯಸ್ಸಾಯ್ತು, ಇನ್ನೇನು ಆಸೆ" ಎನ್ನುತ್ತಾರೆ. ಮಕ್ಕಳು ಅದನ್ನು ವೈರಾಗ್ಯವೆಂದು ನಂಬುತ್ತಾರೆ. ವೈದ್ಯೆಯಾಗಿ ಹೇಳುತ್ತೇನೆ: ಎಷ್ಟೋ ಮಂದಿಯ ವಿಷಯದಲ್ಲಿ ಅದು ವೈರಾಗ್ಯವಲ್ಲ, ಹೆಬ್ಬೆರಳಿನ ಬುಡದ ಸಂಧಿವಾತ.

ಹಳೆಯ ಒಡವೆ ನಮ್ಮ ಕೈಯಿಂದ ಏನೇನು ಕೇಳುತ್ತದೆ ನೋಡಿ. ಓಲೆಯ ತಿರುಪು ಕಡಲೆಬೇಳೆಗಿಂತ ಚಿಕ್ಕದು. ಅದನ್ನು ಎರಡು ಬೆರಳ ತುದಿಯಲ್ಲಿ ಹಿಡಿದು, ಕಣ್ಣಿಗೆ ಕಾಣದ ಕಿವಿಯ ಹಿಂದೆ, ಮರೆಗೆ ಸರಿಯಾಗಿ ಕೂಡಿಸಿ ತಿರುಗಿಸಬೇಕು. ಸರದ ಎಸ್ ಕೊಂಡಿಗೆ ಎರಡೂ ಕೈ ಕತ್ತಿನ ಹಿಂದೆ ಹೋಗಬೇಕು. ಹೆಬ್ಬೆರಳಿನ ಬುಡದ ಕೀಲು ಸವೆಯುವುದು ಐವತ್ತು ದಾಟಿದ ಹೆಂಗಸರಲ್ಲಿ ತೀರ ಸಾಮಾನ್ಯ. ಸವೆದ ಕೀಲಿಗೆ ಅತ್ಯಂತ ನೋವು ಕೊಡುವುದು ಹೀಗೆ ಚಿವುಟಿ ಹಿಡಿಯುವ ಕೆಲಸವೇ. ಸಕ್ಕರೆ ಕಾಯಿಲೆ ಇದ್ದವರಿಗೆ ಭುಜ ಬಿಗಿದುಕೊಳ್ಳುವ ಸಂಭವ ಹೆಚ್ಚು, ಮತ್ತು ಈ ದೇಶದಲ್ಲಿ ನಮ್ಮವರಿಗೆ ಸಕ್ಕರೆ ಕಾಯಿಲೆ ಉಳಿದವರಿಗಿಂತ ಹೆಚ್ಚು. ಬಿಗಿದ ಭುಜ ಕೈಯನ್ನು ಕತ್ತಿನ ಹಿಂದಕ್ಕೆ ಹೋಗಗೊಡುವುದಿಲ್ಲ. ಸ್ಟ್ರೋಕ್ ಆದವರಿಗಂತೂ ಕೆಲಸ ಮಾಡುವುದು ಒಂದೇ ಕೈ.

ಹಾಗಾದರೆ ನಮ್ಮ ಅಜ್ಜಿಯರು ಹೇಗೆ ಹಾಕಿಕೊಳ್ಳುತ್ತಿದ್ದರು? ಅವರು ತಾವೇ ಹಾಕಿಕೊಳ್ಳುತ್ತಿರಲಿಲ್ಲ, ಅಷ್ಟೆ. ಮನೆ ತುಂಬ ಓರಗಿತ್ತಿ, ನಾದಿನಿ, ಸೊಸೆ, ಮೊಮ್ಮಕ್ಕಳು. ಸರದ ದಾರ ಕಟ್ಟುವುದಕ್ಕೆ, ತಿರುಪು ಬಿಗಿಯುವುದಕ್ಕೆ ಯಾರೋ ಒಬ್ಬರು ಹಿಂದೆ ನಿಂತಿರುತ್ತಿದ್ದರು. ಆ ಕೊಂಡಿ ಕೆಟ್ಟದ್ದಲ್ಲ, ಅದು ಇಬ್ಬರ ಕೈಗೆಂದು ಮಾಡಿದ್ದು. ಹ್ಯಾರೋದಲ್ಲೋ ಕ್ರಾಯ್ಡನ್‌ನಲ್ಲೋ ಒಂಟಿಯಾಗಿರುವ ತಾಯಿಗೆ ಆ ಎರಡನೆಯ ಕೈ ಎಲ್ಲಿಂದ ಬರಬೇಕು?

ಇಲ್ಲಿ ಎರಡು ಗುಂಪಿನವರು ಬುದ್ಧಿ ಹೇಳಲು ಬರುತ್ತಾರೆ. ನನಗೆ ಇಬ್ಬರ ಮೇಲೂ ಸಿಟ್ಟಿದೆ.

ಮೊದಲನೆಯವರು, "ಹಳೇ ಮಾಡೆಲ್, ಕೊಂಡಿ ಕಷ್ಟ, ಕೊಟ್ಟು ಹೊಸದು ತಗೊಳ್ಳಿ" ಎನ್ನುವವರು. ಈಲಿಂಗ್ ರೋಡ್, ಸೌತಾಲ್, ಗ್ರೀನ್ ಸ್ಟ್ರೀಟ್, ಎಲ್ಲಿ ಹೋದರೂ ಇಂಥ ಮಾತು ಹೇಳುವವರು ಸಿಗುತ್ತಾರೆ. ಲೆಕ್ಕ ಹಾಕಿ. ಹಳೆಯ ಒಡವೆಯ ಕುಸುರಿ ಕೆಲಸಕ್ಕೆ ಸಾಮಾನ್ಯವಾಗಿ ಬಿಡಿಗಾಸೂ ಸಿಗದು. ಕಲ್ಲು, ಅರಗಿನ ತೂಕ ಕಳೆಯುತ್ತಾರೆ. ಹೊಸದಕ್ಕೆ ಮತ್ತೆ ಮಜೂರಿ, ಅದರ ಮೇಲೆ ಶೇಕಡಾ 20 ವ್ಯಾಟ್. ಬೆರಳುಗುರಿನಷ್ಟಿರುವ ಕೊಂಡಿಗಾಗಿ ಇಡೀ ಸರ ಕರಗಿಸುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ.

ಎರಡನೆಯವರು, "ಅಜ್ಜಿಯ ಒಡವೆಗೆ ಕೈ ಹಚ್ಚಬಾರದು" ಎನ್ನುವ ಸಂಪ್ರದಾಯದವರು. ಹಚ್ಚದೆ ಏನು ಮಾಡುತ್ತೀರಿ? ಡಬ್ಬಿಯಲ್ಲಿಡುತ್ತೀರಿ. ಗಾಜಿನ ಹಿಂದೆ ಒಡವೆ ನೋಡಬೇಕೆಂದರೆ ಸೌತ್ ಕೆನ್ಸಿಂಗ್ಟನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಇದೆ. ಮನೆಯ ಒಡವೆ ಇರುವುದು ಹಾಕಿಕೊಳ್ಳುವುದಕ್ಕೆ. ಕೊಂಡಿ ಸವೆಯುವ ಭಾಗ. ಊರಿನ ಅಕ್ಕಸಾಲಿಗರು ಸವೆದ ಕೊಂಡಿಯನ್ನು ತೆಗೆದು ಬೇರೆ ಹಾಕಿಕೊಡುತ್ತಲೇ ಬಂದಿದ್ದಾರೆ. ಅದರಿಂದ ಯಾವ ಸಂಪ್ರದಾಯವೂ ಮುಳುಗಲಿಲ್ಲ.

ಆದ್ದರಿಂದ ಬದಲಿಸಬೇಕಾದ್ದು ಕೊಂಡಿಯನ್ನು, ಒಡವೆಯನ್ನಲ್ಲ. ಬದಲಿಸುವಾಗಲೂ ವಿವೇಚನೆ ಬೇಕು. ತೆಳು ಸರಗಳಿಗೆ ಹಾಕುವ ಪುಟ್ಟ ಬೋಲ್ಟ್ ರಿಂಗನ್ನು ಉಗುರಿನಿಂದ ಎಳೆದು ಹಿಡಿಯಬೇಕು. ನೋಯುವ ಬೆರಳಿಗೆ ಅದು ಎಸ್ ಕೊಂಡಿಗಿಂತ ಸುಲಭವೇನಲ್ಲ. ಬೆರಳಿಗೆ ಸಿಗುವಷ್ಟು ದೊಡ್ಡ ಲಾಬ್‌ಸ್ಟರ್ ಕೊಂಡಿ, ಇಲ್ಲವೇ ನಾಲಿಗೆ ತಳ್ಳಿದರೆ ಟಕ್ಕೆಂದು ಕೂರುವ ಪೆಟ್ಟಿಗೆ ಕೊಂಡಿ ಮೇಲು. ಪೆಟ್ಟಿಗೆ ಕೊಂಡಿಗೆ ಕಾವಲಿಗೊಂದು ಸಣ್ಣ ಸರಪಳಿ ಇರಲಿ. ಸರಕ್ಕೆ ಎರಡು ಮೂರು ಇಂಚು ಸೇರಿಸಿದರೆ ಕೊಂಡಿಯನ್ನು ಎದೆಯ ಮುಂದೆ ಕಣ್ಣೆದುರೇ ಹಾಕಿ ಆಮೇಲೆ ಹಿಂದಕ್ಕೆ ಸರಿಸಬಹುದು. ಭಾರದ ಓಲೆಗೆ ತಿರುಪು ತೆಗೆಸಬೇಡಿ, ಒತ್ತುವ ಮರೆ ಕಳಚಿ ಬೀಳುತ್ತದೆ. ತಿರುಪನ್ನೇ ದೊಡ್ಡದು ಮಾಡಿಸಿ. ಮರೆಯಲ್ಲಿ ಕೂತ ಎಣ್ಣೆ, ಸೋಪಿನ ಕೊಳೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಮೆತ್ತನೆಯ ಬ್ರಷ್ಷಿನಿಂದ ತೆಗೆದರೆ ಅರ್ಧ ಕಷ್ಟ ಕಳೆಯುತ್ತದೆ. ಮುತ್ತಿನದಾದರೆ ನೆನೆಸಬೇಡಿ.

ಈಗ ಎಲ್ಲರೂ ಹೊಗಳುವ ಮ್ಯಾಗ್ನೆಟ್ ಕೊಂಡಿ ಬಗ್ಗೆ ಎಚ್ಚರಿಕೆ. ಪೇಸ್‌ಮೇಕರ್ ಇದ್ದವರು ಮ್ಯಾಗ್ನೆಟ್ಟನ್ನು ಅದರಿಂದ ಕನಿಷ್ಠ 15 ಸೆಂಟಿಮೀಟರ್ ದೂರ ಇಡಬೇಕು. ಕತ್ತಿನ ಹಿಂದಿದ್ದ ಕೊಂಡಿ ಮುಂದಕ್ಕೆ ಜಾರಿದರೆ ಆ ದೂರ ಉಳಿಯುವುದಿಲ್ಲ. ಮೊಮ್ಮಗು ಎರಡು ಮ್ಯಾಗ್ನೆಟ್ ನುಂಗಿದರೆ ಅವು ಕರುಳನ್ನು ನಡುವೆ ಹಿಡಿದು ತೂತು ಮಾಡಬಲ್ಲವು. ಭಾರದ ಸರವನ್ನಂತೂ ಅದು ನೆಚ್ಚಿಕೆಯಿಂದ ಹಿಡಿಯದು.

ಕೆಲಸಕ್ಕೆ ಕೊಡುವಾಗ ಗುಂಡಿನೊಳಗೆ ಅರಗು ಇದ್ದರೆ ಮೊದಲೇ ಹೇಳಿ, ಬೆಸುಗೆಯ ಬಿಸಿಗೆ ಅದು ಕರಗುತ್ತದೆ. 22 ಕ್ಯಾರೆಟ್ ಚಿನ್ನ ಮೆತು, ಅದರ ಎಸ್ ಕೊಂಡಿ ಎಳೆದರೆ ಬಾಯಿ ಬಿಡುತ್ತದೆ. ಕೊಂಡಿ ಮಾತ್ರ 18 ಕ್ಯಾರೆಟ್ಟಿನದಾದರೆ ಗಟ್ಟಿ. ಬಿಲ್ಲಿನಲ್ಲಿ ಹಾಗೆಂದು ಬರೆಸಿಕೊಳ್ಳಿ. ಒಡವೆಯ ಫೋಟೋ ತೆಗೆದಿಟ್ಟು, ತೂಕ ಬರೆಸಿ, ಹಳೆಯ ಕೊಂಡಿಯನ್ನು ವಾಪಸು ಕೇಳಿ ಪಡೆಯಿರಿ.

ಇದು ಬರೀ ಅಲಂಕಾರದ ಮಾತಲ್ಲ. ಎಂಆರ್‌ಐ ಸ್ಕ್ಯಾನಿಗೆ ಒಡವೆ ತೆಗೆಯಬೇಕು, ತುರ್ತು ಆಪರೇಷನ್ನಿಗೂ ತೆಗೆಯಬೇಕಾಗುತ್ತದೆ. ತಾಳಿಯ ಕೊಂಡಿ ಬಿಚ್ಚಲು ಬಾರದಿದ್ದರೆ ಉಳಿಯುವುದು ಕತ್ತರಿ. ಮೊದಲೇ ಹೆದರಿದ ಹೆಂಗಸಿನ ಕೊರಳಿಂದ ತಾಳಿ ಕತ್ತರಿಸುವುದೆಂದರೆ ಏನೆಂದು ನಮ್ಮವರಿಗೆ ಬಿಡಿಸಿ ಹೇಳಬೇಕೆ?

ಮಗನಾಗಲಿ ಮಗಳಾಗಲಿ ಅಳಿಯನಾಗಲಿ, ಒಂದು ಪರೀಕ್ಷೆ ಮಾಡಿ. ಚಳಿಗಾಲದ ದಪ್ಪ ಗ್ಲೌಸ್ ಹಾಕಿಕೊಂಡು, ಅಮ್ಮನ ಸರವನ್ನು ನಿಮ್ಮದೇ ಕತ್ತಿನ ಹಿಂದೆ ಕೊಂಡಿ ಹಾಕಿ ನೋಡಿ. ಆಗದಿದ್ದರೆ ಬರುವ ಶನಿವಾರವೇ ಅಮ್ಮನನ್ನು ಜೊತೆಗೆ ಕರೆದುಕೊಂಡು ಅಕ್ಕಸಾಲಿಗರ ಹತ್ತಿರ ಹೋಗಿ. ಯಾವ ಕೊಂಡಿ ಸುಲಭವೆಂದು ಅವರ ಬೆರಳೇ ಹೇಳಲಿ.