ಮೋಡದಲ್ಲಿಟ್ಟ ಗಂಟು

ನಮ್ಮ ನೆರೆಮನೆಯ ಮೇಷ್ಟರು ಹೋದ ತಿಂಗಳು ಒಂದು ಬೆಳಿಗ್ಗೆ, ಕಾಫಿಗೂ ಕಾಯದೆ, ನಮ್ಮ ಮನೆಯ ಮೆಟ್ಟಿಲೇರಿ ಬಂದರು. ಮುಖ ಬಾಡಿತ್ತು. “ಸ್ವಾಮೀ, ನಮ್ಮ ತಾಯಿಯವರ ಹಾಡುಗಳು ಹೋದುವು” ಎಂದಷ್ಟೇ ಹೇಳಿ ಕುರ್ಚಿಯಲ್ಲಿ ಕುಸಿದರು.

ಮೇಷ್ಟರ ತಾಯಿಯವರು ತೊಂಬತ್ತನ್ನು ದಾಟಿದ್ದ ಹಿರಿಯರು. ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಬೀಗರ ಹಾಡು, ಹೀಗೆ ಯಾವ ಪುಸ್ತಕದಲ್ಲಿಯೂ ಅಚ್ಚಾಗದ ಹಾಡುಗಳೆಷ್ಟೋ ಅವರ ನಾಲಗೆಯ ಮೇಲಿದ್ದುವು. ಮಗ ಎರಡು ವರ್ಷಗಳ ಕಾಲ ಸಂಜೆಯ ಹೊತ್ತು ಅವರೆದುರು ಕುಳಿತು, ಅವನ್ನು ಫೋನಿನಲ್ಲಿ ಧ್ವನಿಮುದ್ರಿಸಿ, ಕಂಪ್ಯೂಟರಿಗೆ ಸೇರಿಸಿ, ಫೋನಿನಲ್ಲಿದ್ದುದನ್ನು ಅಳಿಸುತ್ತಿದ್ದರು. ಕಳೆದ ವರ್ಷ ಆ ತಾಯಿ ತೀರಿಕೊಂಡರು. ಈಗ ಕಂಪ್ಯೂಟರಿನ ಡಿಸ್ಕು ಕೆಟ್ಟಿತು.

“ಅದಕ್ಕೇಕೆ ಚಿಂತೆ? ಎಲ್ಲವೂ ಕ್ಲೌಡಿನಲ್ಲಿ ಬ್ಯಾಕಪ್ ಆಗುತ್ತಿದೆಯೆಂದು ನೀವೇ ಹೇಳುತ್ತಿದ್ದಿರಲ್ಲ?” ಎಂದೆ.

“ಆಗುತ್ತಿದೆಯೆಂದೇ ನಾನೂ ನಂಬಿದ್ದೆ.”

ಇಬ್ಬರೂ ಕುಳಿತು ನೋಡಿದೆವು. ಮೊದಲ ಹದಿಮೂರು ತಿಂಗಳ ಹಾಡುಗಳಿದ್ದುವು. ಕಡೆಯ ಹನ್ನೊಂದು ತಿಂಗಳ ಹಾಡು ಒಂದೂ ಇರಲಿಲ್ಲ. ಕಾರಣ ಹುಡುಕಲು ಹೊತ್ತು ಹಿಡಿಯಲಿಲ್ಲ. ಮಗಳ ಮದುವೆಯ ದೊಡ್ಡ ವಿಡಿಯೊಗಳೂ ಅದೇ ಖಾತೆಗೆ ಸೇರಿ, ಇದ್ದ ಜಾಗವೆಲ್ಲ ತುಂಬಿಹೋಗಿತ್ತು. ಮದುವೆಯ ವಿಡಿಯೊ ಮದುವೆಯ ಹಾಡುಗಳನ್ನೇ ಹೊರಗೆ ನಿಲ್ಲಿಸಿತ್ತು! ಜಾಗ ಸಾಲದೆಂದು ಕಂಪನಿಯವರು ಬರೆದ ಪತ್ರಗಳೆಲ್ಲ ಮೇಷ್ಟರು ಕೆಲಸದಲ್ಲಿದ್ದಾಗಿನ ಹಳೆಯ ಇ-ಮೇಲ್ ವಿಳಾಸಕ್ಕೆ ಹೋಗಿದ್ದುವು. ನಿವೃತ್ತರಾದ ಮೇಲೆ ಆ ಪೆಟ್ಟಿಗೆಯನ್ನು ಅವರು ತೆರೆದುದೇ ಇಲ್ಲ.

ಕೊಳಾಯಿಯಲ್ಲಿ ನೀರು ನಿಂತರೆ ಮನೆಗೆಲ್ಲ ತಿಳಿಯುತ್ತದೆ. ಹಾಲಿನವನು ಒಂದು ದಿನ ತಪ್ಪಿಸಿದರೆ ಬೀದಿಗೇ ತಿಳಿಯುತ್ತದೆ. ಬ್ಯಾಕಪ್ ನಿಂತರೆ ಮಾತ್ರ ಯಾರಿಗೂ ತಿಳಿಯುವುದಿಲ್ಲ. ಕಂಪ್ಯೂಟರು ಎಂದಿನಂತೆ ಕೆಲಸ ಮಾಡುತ್ತಲೇ ಇರುತ್ತದೆ. ಗಂಟು ಬೇಕಾದ ದಿನವೇ ಅದು ಬರಿದೆಂಬುದು ಗೊತ್ತಾಗುವುದು.

ಇದು ನಮ್ಮ ಮೇಷ್ಟರಂಥವರಿಗೆ ಮಾತ್ರ ಬರುವ ಕಷ್ಟವೆಂದು ಭಾವಿಸಬೇಡಿ. ತಂತ್ರಾಂಶ ಬರೆಯುವವರ ಕೆಲಸವನ್ನು ಜೋಪಾನವಾಗಿಡುವುದೇ ಉದ್ಯೋಗವಾಗಿರುವ ಗಿಟ್‌ಲ್ಯಾಬ್ ಕಂಪನಿಯಲ್ಲಿ ೨೦೧೭ರ ಜನವರಿ ೩೧ರಂದು ಒಬ್ಬ ಎಂಜಿನಿಯರು, ಬೇರೆ ಯಂತ್ರವೆಂದು ತಿಳಿದು, ಮುಖ್ಯ ಯಂತ್ರದ ದತ್ತಾಂಶವನ್ನೇ ಅಳಿಸತೊಡಗಿದರು. ತಪ್ಪು ಅರಿವಾಗಿ ಕೈತಡೆಯುವಷ್ಟರಲ್ಲಿ ಸುಮಾರು ೩೦೦ ಜಿಬಿಯಲ್ಲಿ ಉಳಿದುದು ಸುಮಾರು ೪.೫ ಜಿಬಿ. ದಿನದಿನವೂ ತೆಗೆದಿಟ್ಟ ಪ್ರತಿಗಳನ್ನು ಹುಡುಕಿದರೆ ಅಲ್ಲಿ ಏನೂ ಇರಲಿಲ್ಲ. ದತ್ತಾಂಶದ ತಂತ್ರಾಂಶ ೯.೬ನೆಯ ಆವೃತ್ತಿಯದು, ಪ್ರತಿ ತೆಗೆಯುವ ಉಪಕರಣ ೯.೨ರದು. ಎರಡಕ್ಕೂ ಹೊಂದಿಕೆಯಾಗದೆ ಕೆಲಸ ಪ್ರತಿ ಸಲವೂ ಕೆಡುತ್ತಿತ್ತು. ಕೆಟ್ಟಿತೆಂದು ತಿಳಿಸುವ ಇ-ಮೇಲುಗಳೋ, ಕಳುಹಿಸಿದವರ ಗುರುತು ಸರಿಯಿಲ್ಲವೆಂದು ತಿರಸ್ಕೃತವಾಗುತ್ತಿದ್ದುವು! ಅಂದು ಬೇರೊಂದು ಕೆಲಸಕ್ಕಾಗಿ ಸುಮಾರು ಆರು ಗಂಟೆ ಮೊದಲು ತೆಗೆದಿಟ್ಟಿದ್ದ ಪ್ರತಿಯೊಂದು ದೈವವಶಾತ್ ಇದ್ದುದರಿಂದ, ಆರು ಗಂಟೆಗಳ ದತ್ತಾಂಶ ಮಾತ್ರ ಹೋಗಿ ಉಳಿದುದು ದಕ್ಕಿತು. ಆ ಕಂಪನಿಯವರು ಇದನ್ನೆಲ್ಲ ಮರೆಮಾಚದೆ ತಾವೇ ಪ್ರಕಟಿಸಿದರು. ಬಲ್ಲವರ ಮನೆಯಲ್ಲಿಯೂ ಎಚ್ಚರಿಕೆಯ ಪತ್ರ ಓದುವವರ ಕೈಗೆ ತಲುಪಲಿಲ್ಲವೆಂಬುದನ್ನು ಗಮನಿಸಬೇಕು.

ಹಾಗಾದರೆ ಗೃಹಸ್ಥರು ಮಾಡತಕ್ಕದ್ದೇನು? ಮೊದಲು ಕೊನೆಯ ಬ್ಯಾಕಪ್ ಯಾವ ತಾರೀಖಿನಲ್ಲಿ ಮುಗಿಯಿತೆಂಬುದನ್ನು ನೋಡಿ. ಪರದೆಯ ಮೂಲೆಯಲ್ಲಿರುವ ಮೋಡದಂಥ ಗುರುತನ್ನು ಒತ್ತಿದರೆ ಸಾಮಾನ್ಯವಾಗಿ ಅದರ ಸುದ್ದಿ ಸಿಗುತ್ತದೆ. ತಾರೀಖು ಹಳೆಯದಾಗಿದ್ದರೆ ಜಾಗವನ್ನು ನೋಡಿ. ಗೂಗಲ್ ಉಚಿತವಾಗಿ ಕೊಡುವುದು ೧೫ ಜಿಬಿ. ಅದರಲ್ಲಿಯೇ ಡ್ರೈವ್, ಜಿಮೇಲ್, ಫೋಟೋಸ್ ಮೂರೂ ಸಂಸಾರ ಮಾಡಬೇಕು. ಮೈಕ್ರೋಸಾಫ್ಟಿನ ಒನ್‌ಡ್ರೈವ್ ಉಚಿತವಾಗಿ ಕೊಡುವುದು ೫ ಜಿಬಿ. ಡ್ರೈವಿನಲ್ಲಿ ಅಳಿಸಿದ ಫೈಲೂ ಕಸದ ಬುಟ್ಟಿಯಿಂದ ಹೊರಹೋಗುವವರೆಗೆ ಜಾಗವನ್ನು ಬಿಡುವುದಿಲ್ಲ.

ಜಾಗವಿದ್ದೂ ಕೆಲಸ ನಿಂತಿದ್ದರೆ ಪ್ರವೇಶದ ವಿಷಯವನ್ನು ವಿಚಾರಿಸಿ. ಯಾವಾಗಲೋ ಪಾಸ್‌ವರ್ಡು ಬದಲಾಯಿಸಿದ್ದರೆ, ತಂತ್ರಾಂಶ ಹೊಸ ಬೀಗದ ಕೈಯಿಲ್ಲದೆ ಬಾಗಿಲಲ್ಲೇ ನಿಂತಿರಬಹುದು. ಬ್ಯಾಟರಿ ಉಳಿಸುವ ಏರ್ಪಾಡು ನಡೆಯುತ್ತಿರುವಾಗ ಕೆಲವು ತಂತ್ರಾಂಶಗಳು ತಾವಾಗಿಯೇ ವಿರಾಮ ತೆಗೆದುಕೊಳ್ಳುತ್ತವೆ. ಲ್ಯಾಪ್‌ಟಾಪನ್ನು ಮುಚ್ಚಿಟ್ಟರೆ ಅದು ನಿದ್ರಿಸುತ್ತದೆ. ನಿದ್ರಿಸುವವನಿಂದ ಸಾಮಾನು ಹೊರಿಸಲಾದೀತೆ?

ಎಲ್ಲವೂ ಹೋಗಿ ಒಂದೆರಡು ಫೈಲುಗಳು ಮಾತ್ರ ಉಳಿದಿದ್ದರೆ, ದೋಷ ಆ ಫೈಲುಗಳಲ್ಲಿಯೇ ಇರಬಹುದು. ಇನ್ನೊಂದು ತಂತ್ರಾಂಶ ಅದನ್ನು ತೆರೆದು ಹಿಡಿದಿರಬಹುದು. ಹೆಸರು ಅತಿ ಉದ್ದವಾಗಿರಬಹುದು. ಅಥವಾ ನೀವು ಫೈಲನ್ನಿಟ್ಟ ಫೋಲ್ಡರು ಬ್ಯಾಕಪ್ಪಿಗೆಂದು ಆರಿಸಿದ ಪಟ್ಟಿಯಲ್ಲಿ ಇಲ್ಲದೆಯೇ ಇರಬಹುದು.

ಇಲ್ಲಿ ಎರಡು ಎಚ್ಚರಿಕೆಗಳು. ಸರಿಪಡಿಸುವ ಆತುರದಲ್ಲಿ ತಂತ್ರಾಂಶವನ್ನು ಕಿತ್ತು ಮತ್ತೆ ಹಾಕಲು ಹೋಗುವ ಮೊದಲು, ಮುಖ್ಯವಾದುದೆಲ್ಲವನ್ನೂ ಹೊರಗಿನ ಡಿಸ್ಕೊಂದಕ್ಕೆ ನಕಲು ಮಾಡಿಕೊಳ್ಳಿ. ಎರಡನೆಯದು, ಎರಡು ಕಡೆಯೂ ಒಂದೇ ರೀತಿ ಇರಿಸುವ ‘ಸಿಂಕ್’ ಬೇರೆ, ಬ್ಯಾಕಪ್ ಬೇರೆ. ಸಿಂಕ್ ಕನ್ನಡಿಯಂತೆ. ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ಜಾಗ ಮಾಡಲೆಂದು ಕಂಪ್ಯೂಟರಿನಲ್ಲಿ ಅಳಿಸಿ, ಕ್ಲೌಡಿನಲ್ಲಿ ಇದ್ದೇ ಇರುತ್ತದೆಂದು ನಂಬಿ ಕುಳಿತವರು ಮೋಸಹೋದುದುಂಟು.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಪರೀಕ್ಷೆ ಉಳಿಯುತ್ತದೆ. ಪರದೆಯ ಮೇಲಿನ ಹಸುರು ಗುರುತು ಸಾಕ್ಷಿಯಲ್ಲ. ತಿಂಗಳಿಗೊಮ್ಮೆ ಒಂದು ಫೈಲನ್ನು ಕ್ಲೌಡಿನಿಂದ ಬೇರೊಂದು ಯಂತ್ರಕ್ಕೆ ಇಳಿಸಿ, ತೆರೆದು, ಕಣ್ಣಾರೆ ನೋಡಬೇಕು. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕುವುದಕ್ಕಿಂತ ಈ ಹತ್ತು ನಿಮಿಷದ ಕೆಲಸ ಸುಲಭ.

ಮೇಷ್ಟರ ಮಾತಿಗೆ ಬರೋಣ. ಕೆಟ್ಟ ಡಿಸ್ಕಿನಿಂದ ಏನೂ ಹೊರಡಲಿಲ್ಲ. ಶಿವಮೊಗ್ಗದಲ್ಲಿರುವ ತಂಗಿಗೆ ಅವರು ಆಗಾಗ ಕಳುಹಿಸಿದ್ದ ಒಂಬತ್ತು ಹಾಡುಗಳು ಆಕೆಯ ಫೋನಿನಲ್ಲಿ ಸಿಕ್ಕುವು. ಉಳಿದವು ಹೋದುವು. ಆ ತಂಗಿಗೆ ಕೆಲವು ಹಾಡುಗಳು ಬಾಯಿಗೆ ಬರುತ್ತವೆಯಂತೆ. ಬರುವ ರಜೆಯಲ್ಲಿ ಅಣ್ಣ ಅವರೆದುರು ಕುಳಿತುಕೊಳ್ಳಲಿದ್ದಾರೆ.

ಈ ತಿಂಗಳ ಮೊದಲ ತಾರೀಖಿನ ಬೆಳಿಗ್ಗೆ ಅವರ ಮನೆಯ ಕಡೆಯಿಂದ ವೃದ್ಧೆಯೊಬ್ಬರ ಸಣ್ಣ ಧ್ವನಿ ತೇಲಿಬಂತು. ಹೋಗಿ ನೋಡಿದೆ. ಮೇಷ್ಟರು ಹೆಂಡತಿಯ ಫೋನಿಗೆ ಕ್ಲೌಡಿನಿಂದ ಒಂದು ಹಾಡನ್ನು ಇಳಿಸಿಕೊಂಡು, ಕಣ್ಣುಮುಚ್ಚಿ ಕೇಳುತ್ತಿದ್ದರು.

“ಪರೀಕ್ಷೆ ಮಾಡುತ್ತಿದ್ದೇನೆ, ಸ್ವಾಮೀ” ಎಂದರು.

ಹಾಡು ಮುಗಿಯುವವರೆಗೆ ನಾನೂ ಕುಳಿತಿದ್ದೆ.