ಶಾಲು ಹೊದಿಸಿದರೆ ಮುಗಿಯಿತೇ?

ತಿಂಗಳ ಕೊನೇ ದಿನ ಸರಕಾರಿ ಮೆಡಿಕಲ್ ಕಾಲೇಜಿನ ಹಿರಿಯ ಪ್ರೊಫೆಸರು ನಿವೃತ್ತರಾಗುತ್ತಾರೆ. ಹಾರ, ಶಾಲು, ಹಣ್ಣಿನ ಬುಟ್ಟಿ, ಒಂದು ಗ್ರೂಪ್ ಫೋಟೋ. ಅಲ್ಲಿಗೆ ಮುಗೀತು. ಮಾರನೇ ದಿನ ಆ ಕುರ್ಚಿಗೆ ಬರುವವರು ಆಪರೇಷನ್ನಿನಲ್ಲಿ ನಿಸ್ಸೀಮರೇ ಇರಬಹುದು. ಆದರೆ ಔಷಧಿ ಇಂಡೆಂಟು, ಟೆಂಡರು, ಡ್ಯೂಟಿ ಪಟ್ಟಿ, ಸಿಬ್ಬಂದಿ ಜಗಳ, ಇವನ್ನೆಲ್ಲ ಅವರಿಗೆ ಕಲಿಸಿದವರು ಯಾರು? ಅವರು ಕಲಿಯುವತನಕ ಪಾಡು ಪಡುವವನು ಮೊದಲ ಬಸ್ಸಿಗೆ ಬಂದು ಓಪಿಡಿ ಕ್ಯೂನಲ್ಲಿ ನಿಂತ ರೋಗಿ.

ಕೇಂದ್ರ ಸರಕಾರ ಒಂದು ದಾರಿ ತೋರಿಸಿದೆ. ಕೇಂದ್ರ ಆರೋಗ್ಯ ಸೇವೆಯ ವೈದ್ಯರ ನಿವೃತ್ತಿ ವಯಸ್ಸನ್ನು 2016ರಲ್ಲಿ 65ಕ್ಕೆ ಏರಿಸಿತು. 62 ದಾಟಿದವರು ಆಡಳಿತದ ಕುರ್ಚಿ ಬಿಟ್ಟು ಚಿಕಿತ್ಸೆ, ಪಾಠಗಳಲ್ಲೇ ಇರಬೇಕೆಂದು 2018ರಲ್ಲಿ ತೀರ್ಮಾನಿಸಿತು. ಕುರ್ಚಿ ಕಿರಿಯರಿಗೆ, ಅನುಭವ ರೋಗಿಗೆ. ಹೊಸಬರಿಗೆ ತೊಡಕಾದರೆ ಕೇಳಲು ಹಿರಿಯರು ಅದೇ ಕಟ್ಟಡದಲ್ಲಿರುತ್ತಾರೆ.

ಅಂಗಡಿ ಯಜಮಾನ ಗಲ್ಲಾದ ಬೀಗದಕೈ ಕೊಡುವ ಮುಂಚೆ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಲೆಕ್ಕ ಕಲಿಸುತ್ತಾನೆ. ಪ್ರೊಫೆಸರರ ನಿವೃತ್ತಿ ದಿನವಂತೂ ವರ್ಷಗಳ ಮೊದಲೇ ಗೊತ್ತಿರುತ್ತದೆ. ಎರಡು ವರ್ಷ ಮುಂಚೆ ಮುಂದಿನವರನ್ನು ಪಕ್ಕದಲ್ಲಿ ಕೂರಿಸಲು ರಾಜ್ಯ ಸರಕಾರಕ್ಕೆ ಅಡ್ಡಿಯೇನು? ನಿವೃತ್ತರಿಗೂ ವಾರಕ್ಕೆರಡು ದಿನ ಪಾಠದ ಕೊಠಡಿ ತೆರೆದಿರಲಿ. ಮೂವತ್ತು ವರ್ಷದ ಕೈಗುಣವನ್ನು ಪಿಂಚಣಿ ಕಾಗದದ ಜೊತೆ ಮನೆಗೆ ಕಳಿಸುವುದು ಯಾವ ಜಾಣತನ?